ಹಳೇ ಪೇಸ್ಟ್ ಪೂರ್ತಿ ತೆಗೆಯಿರಿ

ಕಾರವಾರ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ಜೆರಾಕ್ಸ್ ಅಂಗಡಿಯವರು, ಸ್ಟುಡಿಯೋದವರು, ಸೊಸೈಟಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುವವರು, ಮನೆಯ ಹಳೇ ಕಂಪ್ಯೂಟರ್ ಬಿಚ್ಚಿ ನೋಡುವ ಹುರುಪಿನ ಹುಡುಗ ಹುಡುಗಿಯರು, ಇವತ್ತಿನ ಮಾತು ನಿಮಗೆ. ಹೇಳಬೇಕಾದ್ದು ಒಂದೇ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಬಿಸಿ ದಾಟಿಸುವ ಹೊಸ ಪೇಸ್ಟ್ ಹಾಕುವ ಮೊದಲು ಹಳೇ ಪೇಸ್ಟನ್ನು ಪೂರ್ತಿ ತೆಗೆಯಿರಿ.

ಸಿಪಿಯು ಡಬ್ಬಿ ತೆರೆದರೆ ಒಂದು ಫ್ಯಾನ್ ಕಾಣುತ್ತದೆ. ಅದರಡಿ ಬಾಚಣಿಗೆ ಹಲ್ಲಿನ ಹಾಗೆ ಅಲ್ಯೂಮಿನಿಯಂ ಪಟ್ಟಿಗಳು. ಅದು ಬಿಸಿ ಹೀರಿಕೊಳ್ಳುವ ಹೀಟ್‌ಸಿಂಕ್. ಅದರ ಕೆಳಗೆ ಪ್ರೊಸೆಸರ್. ಎರಡೂ ಲೋಹ ಕಣ್ಣಿಗೆ ನುಣುಪು, ಆದರೆ ಮೈಯೆಲ್ಲ ಸಣ್ಣ ಸಣ್ಣ ತಗ್ಗು. ತಗ್ಗಿನಲ್ಲಿ ಗಾಳಿ ಕೂರುತ್ತದೆ, ಗಾಳಿ ಬಿಸಿಯನ್ನು ದಾಟಲು ಬಿಡುವುದಿಲ್ಲ. ಆ ಗಾಳಿಯನ್ನು ಓಡಿಸಿ ಜಾಗ ತುಂಬುವುದೇ ಪೇಸ್ಟಿನ ಕೆಲಸ. ಕೆಲವು ವರ್ಷ ಬಿಸಿಯಲ್ಲಿ ಬೆಂದರೆ ಪೇಸ್ಟ್ ಒಣಗಿ ಸುಣ್ಣದ ಹಾಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮತ್ತೆ ಗಾಳಿ. ಬಿಸಿ 100 ಡಿಗ್ರಿ ಹತ್ತಿರ ಬಂದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಬಂದ್.

ಒಂದು ಮೇ ತಿಂಗಳು. ಅಂಕೋಲಾ ಕಡೆಯ ಸ್ಟುಡಿಯೋದವರೊಬ್ಬರು ಬೈಕಿನ ಹಿಂದೆ ಸಿಪಿಯು ಕಟ್ಟಿಕೊಂಡು ನನ್ನ ಅಂಗಡಿಗೆ ಬಂದರು. ಮದುವೆ ಸೀಸನ್, ಆಲ್ಬಂ ರಾಶಿ ಬಿದ್ದಿದೆ. "ಅಣ್ಣಾ, ಹತ್ತು ನಿಮಿಷಕ್ಕೆ ಆಫ್ ಆಗ್ತದೆ. ಪೇಸ್ಟ್ ಮೊನ್ನೆಯಷ್ಟೇ ಹಾಕಿಸಿದ್ದೇನೆ" ಅಂದರು. ಕ್ಲಿಪ್ ಬಿಚ್ಚಿದರೂ ಹೀಟ್‌ಸಿಂಕ್ ಅಲುಗಲಿಲ್ಲ. ಎಎಂಡಿ ಕಂಪನಿಯ ಎಎಂ4 ಅನ್ನುವ ಬಗೆಯ ಪ್ರೊಸೆಸರ್, ಅಡಿಯಲ್ಲಿ 1331 ಪಿನ್. ಸುಮ್ನೆ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತದೆ. ಕ್ಲಿಪ್ ಮತ್ತೆ ಹಾಕಿ ಐದು ನಿಮಿಷ ಓಡಿಸಿದೆ. ಪೇಸ್ಟ್ ಬಿಸಿಗೆ ಮೆತ್ತಗಾಯಿತು. ವಯರ್ ಕಿತ್ತು, ಕ್ಲಿಪ್ ಬಿಚ್ಚಿ, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ಬಂತು. ನೋಡಿದರೆ ಮೂರು ಪದರ! ಅಡಿಯಲ್ಲಿ ಬೂದು ಬಣ್ಣದ ಹೆಕ್ಕಳೆ, ಅದರ ಮೇಲೆ ಬಿಳಿ, ಎಲ್ಲಕ್ಕೂ ಮೇಲೆ ಮೊನ್ನೆಯದು.

ಅವರ ಮನೆಯಲ್ಲಿ ದೋಣಿ ಇದೆ. ಕೇಳಿದೆ, "ಜೂನ್ ಜುಲೈಯಲ್ಲಿ ಮೀನುಗಾರಿಕೆ ನಿಂತಾಗ ದೋಣಿ ದಡಕ್ಕೆ ಎಳೀತೀರಲ್ಲ, ಅಡಿಗೆ ಅಂಟಿದ ಚಿಪ್ಪು ಕೆರೆಯದೆ ಬಣ್ಣ ಹೊಡೀತೀರಾ?" "ಛೇ, ಅದು ನಿಲ್ತದಾ?" ಅಂದರು. ನಿಲ್ಲುವುದಿಲ್ಲ ಅಲ್ವಾ? ಇದೂ ಹಾಗೇ.

ಗಟ್ಟಿ ಹೆಕ್ಕಳೆಯನ್ನು ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿದೆ. ಆಮೇಲೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ನಾವು ಐಪಿಎ ಅಂತೀವಿ. 99 ಶೇಕಡದ್ದು ಒಳ್ಳೆಯದು, 90ಕ್ಕಿಂತ ಕಡಿಮೆಯದು ಬೇಡ. ಬಟ್ಟೆಗೆ ಹಾಕಿ, ಬೋರ್ಡಿನ ಮೇಲೆ ಸುರಿಯಬೇಡಿ. ಒದ್ದೆ ಬಟ್ಟೆಯನ್ನು ಒಂದು ನಿಮಿಷ ಮೇಲಿಟ್ಟೆ. ಅಂಚಿನಿಂದ ಒಳಕ್ಕೆ ಒರೆಸಿದೆ. ಬಟ್ಟೆ ಕಪ್ಪಾಯಿತು. ಬಟ್ಟೆ ಬದಲಿಸಿ ಮತ್ತೆ ಒರೆಸಿದೆ. ನಾಲ್ಕನೇ ಸಲಕ್ಕೆ ಲೋಹದ ಮೇಲಿನ ರೈಜನ್ ಅನ್ನುವ ಪ್ರೊಸೆಸರ್ ಹೆಸರಿನ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಬಟ್ಟೆ ಬೆಳ್ಳಗೇ ಉಳಿಯಿತು. ಅಲ್ಲಿವರೆಗೆ ಒರೆಸಬೇಕು. ಹೀಟ್‌ಸಿಂಕಿನ ತಳಕ್ಕೂ ಅಷ್ಟೇ, ಅರ್ಧಕ್ಕೆ ಬಿಡಬೇಡಿ.

ಹೊಸ ಪೇಸ್ಟ್ ಹಾಕಿ ಕಳಿಸಿದೆ. ರಾತ್ರಿ ಅವರ ಫೋನ್ ಬಂತು. ಊಟಕ್ಕೂ ಏಳದೆ ಒಂದು ಆಲ್ಬಂ ಮುಗಿಸಿದ್ದರು, ಕಂಪ್ಯೂಟರ್ ಒಮ್ಮೆಯೂ ನಿಂತಿರಲಿಲ್ಲ.

ಸಮಯ ಆಗಿಬಿಟ್ಟಿದೆ, ಉಳಿದದ್ದು ಬೇಗ ಹೇಳುತ್ತೇನೆ. ಸೀಮೆಎಣ್ಣೆ ಬೇಡ, ಜಿಡ್ಡು ಬಿಡುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಹೆಚ್ಚಾಗಿ ಅಂಟು ಬಿಡುವ ಗ್ಲಿಸರಿನ್ ಇರುತ್ತದೆ. ಉಗುರು ಬಣ್ಣ ತೆಗೆಯುವ ದ್ರವ, ಬ್ಲೇಡ್, ಮರಳು ಕಾಗದ ಯಾವುದೂ ಬೇಡ. ಒರೆಸಿದ ಜಾಗವನ್ನು ಬೆರಳಲ್ಲಿ ಮುಟ್ಟಬೇಡಿ. ಪೂರ್ತಿ ಆರಿದ ಮೇಲೆ ಹೊಸ ಪೇಸ್ಟ್ ಸಣ್ಣ ಬಟಾಣಿ ಕಾಳಿನಷ್ಟು ಸಾಕು, ಜಾಸ್ತಿ ಬೇಡ. ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಒತ್ತಿದರೆ ಮೂಲೆ ಒಡೆಯುತ್ತದೆ. ಅದನ್ನು ಕೈ ಪಳಗಿದವರಿಗೇ ಕೊಡಿ. ಕೊಟ್ಟಾಗಲೂ ಕೇಳಿ, ಹಳೇ ಪೇಸ್ಟ್ ಪೂರ್ತಿ ತೆಗೆದಿರಾ ಅಂತ.

ಐಪಿಎ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ. ಬೇಗ ಬೆಂಕಿ ಹತ್ತುತ್ತದೆ, ಒಲೆ ಮತ್ತು ದೇವರ ದೀಪದಿಂದ ದೂರ ಇಡಿ. ನಮಸ್ಕಾರ.