ಹೊಗೆ ಒಡೆಯುವ ಗೋಡೆ, ಧೂಳು ತುಂಬಿದ ಊರು

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಗಾಂಧಿ ಚೌಕದಲ್ಲಿ ಸ್ವಲ್ಪ ಹೊತ್ತು ನಿಂತರೆ ಡೀಸೆಲ್ ಹೊಗೆ ಮೂಗಿಗೆ ಹೊಡೆಯುತ್ತದೆ. ಈ ಹೊಗೆಯ ವಿಷವನ್ನು ಒಡೆಯುವ ಬಣ್ಣ ಬಂದಿದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಪೂರ್ತಿ ತಿಳಿದುಕೊಂಡೇ ದುಡ್ಡು ಹಾಕಬೇಕು.

ಇದರಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಮನೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಅದೇ ಇದೆ. ಆದರೆ ಇಲ್ಲಿ ಕಣಗಳು ತೀರಾ ಸಣ್ಣವು, ಸಾಮಾನ್ಯವಾಗಿ 20–30 ನ್ಯಾನೋಮೀಟರ್. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್! ಕಣ ಸಣ್ಣದಾದಷ್ಟೂ ಗಾಳಿಗೆ ತಾಗುವ ಮೈ ಜಾಸ್ತಿ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಕಣದೊಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಏಳುತ್ತದೆ. ಆಗ ಗಾಳಿಯ ತೇವ ಮತ್ತು ಆಮ್ಲಜನಕದಿಂದ ರಾಡಿಕಲ್ ಎಂಬ, ಸಿಕ್ಕಿದ್ದರ ಜೊತೆ ತಟ್ಟನೆ ಬೆರೆಯುವ ಬಲು ಚುರುಕಾದ ಕಣಗಳು ಹುಟ್ಟುತ್ತವೆ. ಹೊಗೆಯ ನೈಟ್ರೋಜನ್ ಆಕ್ಸೈಡ್ ಅವಕ್ಕೆ ಸಿಕ್ಕರೆ ನೈಟ್ರೇಟ್ ಎಂಬ ಲವಣವಾಗಿ ಗೋಡೆಯ ಮೇಲೆ ಕೂರುತ್ತದೆ. ಟೈಟಾನಿಯಂ ಮಾತ್ರ ಖರ್ಚಾಗುವುದಿಲ್ಲ. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಷಿಮಾ ಮತ್ತು ಹೋಂಡಾ ಇದರ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದ ಪ್ರಯೋಗವೇ ಈ ವಿದ್ಯೆಗೆ ಬುನಾದಿ. ರೋಮ್‌ನಲ್ಲಿ 2003ರಲ್ಲಿ ತೆರೆದ ಜುಬಿಲಿ ಚರ್ಚಿನ ಗೋಡೆಗಳಿಗೆ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಸಿಮೆಂಟನ್ನೇ ಬಳಸಿದ್ದಾರೆ.

ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಅಲ್ವಾ? ಬರ ಇರುವುದು ಮಳೆಗೆ. ಕೂತ ನೈಟ್ರೇಟನ್ನು ಮಳೆ ತೊಳೆಯಬೇಕು, ಇಲ್ಲವಾದರೆ ಲೇಪನದ ಕೆಲಸ ಮಂದವಾಗುತ್ತದೆ. ಮೇಲೊಂದು ಪದರ ಧೂಳು ಕೂತರಂತೂ ಬಿಸಿಲೇ ಒಳಗೆ ತಲುಪುವುದಿಲ್ಲ. ಬ್ರಸೆಲ್ಸ್‌ನ ಒಂದು ರಸ್ತೆ ಸುರಂಗದಲ್ಲಿ ಲೇಪನ ಹಚ್ಚಿ, ನೇರಳಾತೀತ ದೀಪ ಹಾಕಿ ಅಳೆದರು. ಗಾಳಿಯ ನೈಟ್ರೋಜನ್ ಆಕ್ಸೈಡಿನಲ್ಲಿ ಗುರುತು ಹಿಡಿಯುವಷ್ಟೂ ಇಳಿಕೆ ಕಾಣಲಿಲ್ಲ. ಪ್ರಯೋಗಾಲಯದ ಡಬ್ಬಿಯೊಳಗೆ ಗಾಳಿ ಗೋಡೆಗೆ ತಾಗಿಯೇ ತಾಗುತ್ತದೆ. ರಸ್ತೆಯಲ್ಲಿ ಬಹುಪಾಲು ಸುಮ್ನೆ ಹಾದುಹೋಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ (ಲೋಹದ ಎರಕದ ಕಾರ್ಖಾನೆಗಳ) ಮರಳು, ಬಾಗಲಕೋಟೆ ಕಡೆಯ ಸುಣ್ಣದಕಲ್ಲಿನ ಪುಡಿ, ಇವನ್ನು ಯಾವ ಲೇಪನವೂ ಕರಗಿಸದು. ಅದಕ್ಕೆ ಲಾರಿಗೆ ತಾಡಪಾಲು ಮುಚ್ಚಬೇಕು, ರಸ್ತೆ ಬದಿಗೆ ಕಲ್ಲು ಹಾಸಬೇಕು, ನೀರು ಚಿಮುಕಿಸಬೇಕು. ನನ್ನ ಕೇಳಿದರೆ, ಪಾಲಿಕೆ, ನಗರಸಭೆಗಳ ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು. ನಮ್ಮ ಮಕ್ಕಳು ದಿನವೂ ಉಸಿರಾಡುವುದು ಆ ಧೂಳನ್ನೇ.

ಮನೆಯೊಳಗೆ ಹಚ್ಚಿಸಿ ಅಂತ ಯಾರಾದರೂ ಬಂದರೆ ಬೆಳಕು ಎಲ್ಲಿಂದ ಅಂತ ಕೇಳಿ. ಎಲ್‌ಇಡಿ ಬಲ್ಬಿನಲ್ಲಿ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲದೆ ಕೆಲವು ಆವಿಗಳು ಅರ್ಧಂಬರ್ಧ ಒಡೆದರೆ ಫಾರ್ಮಾಲ್ಡಿಹೈಡ್ ಹುಟ್ಟಬಹುದು, ಅದೂ ವಿಷವೇ. ಹೊರಗಿನ ಗೋಡೆಗೆ ಅಂದರೆ, ಒಂದು ಬೇಸಿಗೆ ಕಳೆದ ಹಳೇ ಗೋಡೆಯ ಮುಂದೆ ಗಾಳಿ ಅಳೆದ ಲೆಕ್ಕ ತೋರಿಸಲು ಹೇಳಿ.

ನಮಸ್ಕಾರ.