ಕಾಟಾ ಚೀಟಿಯಲ್ಲಿ ಕಳೆದುಹೋದ 9 ನಿಮಿಷ

ನಮಸ್ಕಾರ. ಹೋದ ಬೇಸಿಗೆಯಲ್ಲಿ ರಾಯಚೂರಿನ ಗಂಜ್ (ಧಾನ್ಯದ ಮಾರುಕಟ್ಟೆ) ಹತ್ತಿರ, ಲೋಡ್ ಗಾಡಿ ತೂಗುವ ಒಂದು ಕಾಟಾದಲ್ಲಿ ನಿಂತಿದ್ದೆ. ಭತ್ತದ ಟ್ರ್ಯಾಕ್ಟರ್ ತಂದಿದ್ದ ರೈತರೊಬ್ಬರು ತೂಕದ ಚೀಟಿ ನೋಡಿದರು, ಮೊಬೈಲ್ ನೋಡಿದರು. "ತಮ್ಮಾ, ಟೈಮೇ 9 ನಿಮಿಷ ಹಿಂದದ. ತೂಕ ಹ್ಯಾಂಗ ನಂಬಬೇಕು?"

ತೂಕ ಸರಿಯಿತ್ತು. ಆದರೆ ಆ ಪ್ರಶ್ನೆಯೂ ಸರಿಯೇ.

"ಸೆಲ್ ವೀಕ್ ಆಗಿರಬೇಕು" ಎಂದ ಕಾಟಾದ ಹುಡುಗ. ನಾವೆಲ್ಲ ಹೇಳೋದೂ ಅದನ್ನೇ. ಆದರೆ ಚೀಟಿ ಅಚ್ಚು ಮಾಡುವ ಕಂಪ್ಯೂಟರಿನೊಳಗಿನ ನಾಣ್ಯದಂಥ ಆ ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗ ಸಾಮಾನ್ಯವಾಗಿ ತಾರೀಖೇ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ದಿನಕ್ಕಿಷ್ಟು ಸೆಕೆಂಡು ಜಾರುವುದು ಬೇರೆ.

ಅದು ಹರಳಿನ ಕೆಲಸ. ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿ, 1 ಬರುತ್ತದೆ. ಹಾಗೆ ಒಂದೊಂದೇ ಸೆಕೆಂಡು ಎಣಿಸುತ್ತದೆ. ಮಾಮೂಲಿ ಹರಳಿನ ಎಣಿಕೆಯಲ್ಲಿ 10 ಲಕ್ಷಕ್ಕೆ 20ರಷ್ಟು ಹೆಚ್ಚು ಕಡಿಮೆ ಇರಬಹುದು. ಏನೂ ಅಲ್ಲ ಅನಿಸುತ್ತೆ ಅಲ್ವಾ? ದಿನಕ್ಕೆ 1.7 ಸೆಕೆಂಡು. ತಿಂಗಳಿಗೆ 52. ವರ್ಷಕ್ಕೆ 10 ನಿಮಿಷದ ಮೇಲೆ!

ಇದರ ಮೇಲೆ ನಮ್ಮ ಬಿಸಿಲು. ಈ ಹರಳಿಗೆ ಸುಮಾರು 25 ಡಿಗ್ರಿ ಹಿತ. ಅದಕ್ಕಿಂತ ಕಾದರೂ ನಿಧಾನ, ತಣ್ಣಗಾದರೂ ನಿಧಾನ. 45 ಡಿಗ್ರಿಯಲ್ಲಿ ದಿನಕ್ಕೆ ಇನ್ನೂ 1.2 ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಏಪ್ರಿಲ್‌ನಲ್ಲಿ, ತಗಡಿನ ಶೆಡ್ಡಿನಲ್ಲಿ, ಕಂಪ್ಯೂಟರ್ ಡಬ್ಬಿಯೊಳಗೆ 45 ದೊಡ್ಡ ಮಾತಲ್ಲ. ಕೈಗಡಿಯಾರದಲ್ಲೂ ಇಂಥದ್ದೇ ಹರಳಿದೆ. ಪುಣ್ಯಕ್ಕೆ ಅದನ್ನು ನಮ್ಮ ಮೈಬಿಸಿ ಒಂದೇ ಹದದಲ್ಲಿ ಇಡುತ್ತದೆ.

ನಮ್ಮ ಫೋನಿನ ಟೈಮ್ ಆಗಾಗ ನೆಟ್‌ವರ್ಕ್ ನೋಡಿ ತಿದ್ದಿಕೊಳ್ಳುತ್ತದೆ. ನೆಟ್ ಇರುವ ಕಂಪ್ಯೂಟರ್‌ಗಳಿಗೂ ನೆಟ್ ಮೂಲಕವೇ ಟೈಮ್ ತಿದ್ದಿಕೊಳ್ಳಲು 1985ರಿಂದ ಎನ್‌ಟಿಪಿ ಎಂಬ ಏರ್ಪಾಡಿದೆ. ಆ ಕಾಟಾದ ಕಂಪ್ಯೂಟರಿಗೆ ನೆಟ್ಟೇ ಇರಲಿಲ್ಲ. ವರ್ಷದಿಂದ ಅದರ ಟೈಮನ್ನು ಯಾರೂ ಮುಟ್ಟಿರಲಿಲ್ಲ.

ನನಗೆ ಬೇಜಾರು ಇಲ್ಲೇ. ಕಾಟಾಕ್ಕೆ ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸುತ್ತೇವೆ. ತೂಕದ ಪಕ್ಕದಲ್ಲೇ ಅಚ್ಚಾಗುವ ಟೈಮನ್ನು ಸುಮ್ನೆ ಬಿಟ್ಟುಬಿಡುತ್ತೇವೆ. ಯಾರು ಮೊದಲು ಬಂದರು, ಲಾರಿ ಯಾವಾಗ ಹೊರಟಿತು ಅಂತ ಜಗಳವಾದರೆ ಸಾಕ್ಷಿ ಆ ಚೀಟಿಯೇ ತಾನೇ? ನೆಟ್ ಇದ್ದರೆ ಟೈಮ್ ತಾನಾಗಿ ಹೊಂದುವ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ ಪ್ರತಿ ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಫೋನ್ ನೋಡಿ ಹೊಂದಿಸಿ. ಸೆಲ್‌ಗೆ ದುಡ್ಡು ಸುರಿಯೋದು ಆಮೇಲೆ.

ಅವತ್ತು ಆ ಹುಡುಗನಿಗೂ ಇದನ್ನೇ ತೋರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಆ ರೈತರು ಹಿಂದೆ ನಿಂತಿದ್ದ ಟ್ರ್ಯಾಕ್ಟರಿನ ಚೀಟಿ ಇಸಿದುಕೊಂಡು, ಮೊಬೈಲ್ ಪಕ್ಕ ಹಿಡಿದು ನೋಡಿಯೇ ಹೊರಟರು.