ಗಾಜಿನ ಟ್ಯೂಬಿನ ಮುಂದೆ 20 ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತು ತಂದ ಮನೆಯವರು ಮೊದಲು ಕೇಳುವುದೇ ಇದು: "ಸಾರ್, ಇಂಜೆಕ್ಷನ್ ಇನ್ನೂ ಯಾಕೆ ಕೊಟ್ಟಿಲ್ಲ?" ಆ ಆತಂಕ ಸಹಜ. ಆದರೆ ಆಗ ಒಳಗೆ ಒಂದು ಪರೀಕ್ಷೆ ನಡೆಯುತ್ತಿರುತ್ತದೆ.

ಕೊಳಕುಮಂಡಲ, ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೇ ಖಾಲಿ ಮಾಡುತ್ತದೆ. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಡ. ಆಗತಾನೆ ತೆಗೆದ 2 ಮಿಲಿಲೀಟರ್ ರಕ್ತವನ್ನು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಿಸದೆ ನಿಲ್ಲಿಸಬೇಕು. ಆಮೇಲೆ ಒಂದೇ ಸಲ ಓರೆ ಮಾಡಬೇಕು. ಗಟ್ಟಿಯಾಗಿ ತಳ ಹಿಡಿದಿದ್ದರೆ ಸರಿ. ನೀರಿನಂತೆ ಹರಿದರೆ ವಿಷ ಏರಿದೆ.

ಕೆಡುವುದೂ ಇಲ್ಲೇ. ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಿನಲ್ಲಿ, ಆರೋಗ್ಯವಂತರ ರಕ್ತವೂ ನೀರಾಗಿಯೇ ಉಳಿಯಬಹುದು. ಬೇಡದವರಿಗೆ ಪ್ರತಿವಿಷ, ಅಂದರೆ ಹಾವಿನ ವಿಷ ಅಡಗಿಸುವ ಇಂಜೆಕ್ಷನ್, ಹೋಗುತ್ತದೆ. ಹತ್ತನೇ ನಿಮಿಷಕ್ಕೇ ಎತ್ತಿ ನೋಡಿದರೂ ಫಲಿತಾಂಶ ನಂಬುವಂತಿಲ್ಲ. ಅನುಮಾನವಿದ್ದರೆ ಆರೋಗ್ಯವಂತರೊಬ್ಬರ ರಕ್ತವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ತರಬೇತಿಯಲ್ಲಿರುವ ವೈದ್ಯರಾದ ಹೌಸ್ ಸರ್ಜನ್‌ಗಳಿಗೂ ನರ್ಸ್‌ಗಳಿಗೂ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಕೈಯಾರೆ ಮಾಡಿಸಬೇಕು.

ನಾಗರ, ಕಟ್ಟುಹಾವಿನ ಮಾತು ಬೇರೆ. ಅವುಗಳ ವಿಷ ನರಕ್ಕೆ ಹೊಡೆಯುತ್ತದೆ. ಕಣ್ಣಿನ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ ಯಾವ ಟ್ಯೂಬಿಗೂ ಕಾಯಬಾರದು.

ಪ್ರತಿವಿಷ ಶುರುವಾಗುವುದು ಸಾಮಾನ್ಯವಾಗಿ ಔಷಧದ 10 ಪುಟ್ಟ ಸೀಸೆ, ಅಂದರೆ ವಯಲ್‌ಗಳಿಂದ. ಪ್ರತಿ ವಯಲಿನ ಪುಡಿಗೆ 10 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಆಮೇಲೆ ಸಲೈನಿಗೆ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಏರಿಸಬೇಕು. ಮಕ್ಕಳಿಗೂ ಅಷ್ಟೇ ವಯಲ್, ಏಕೆಂದರೆ ಮಗು ಎಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ಅಲರ್ಜಿಯಾಗಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ, ದೊಡ್ಡವರಿಗೆ ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್. ಅದು ಮೊದಲೇ ಸಿರಿಂಜಿನಲ್ಲಿ ತುಂಬಿ ಕೈಗೆಟುಕುವಂತಿರಬೇಕು.

ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವುದು ದೊಡ್ಡ ತಪ್ಪು. ಮೊದಲ ಮೂರು ತಾಸು ಗಂಟೆಗೊಮ್ಮೆ, ಆಮೇಲೆ 6 ಗಂಟೆಗೊಮ್ಮೆ ಪರೀಕ್ಷಿಸುತ್ತ, 24 ಗಂಟೆ ಇರಿಸಿಕೊಳ್ಳಬೇಕು. ಪ್ರತಿ ಸಲದ ಹೊತ್ತನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು; ಮುಂದಿನ ಸಂಶೋಧನೆಗೂ ಈ ಬರಹವೇ ಆಧಾರ.

ಇನ್ನು, ಪ್ರತಿವಿಷ ಕೊಟ್ಟ ಅರ್ಧ ಗಂಟೆಗೇ ಮತ್ತೆ ರಕ್ತ ತೆಗೆದು ಪ್ರಯೋಜನವಿಲ್ಲ. ವಿಷ ಅಡಗಿದರೂ, ಕಳೆದುಹೋದ ಅಂಶಗಳನ್ನು ಪಿತ್ತಜನಕಾಂಗ ಹೊಸದಾಗಿ ತಯಾರಿಸಬೇಕು. ಅದಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ. ಆಗಲೂ ರಕ್ತ ನೀರಾಗಿದ್ದರೆ ಎರಡನೇ ಡೋಸು.